ಮಲ್ಲಿಗೆಗೆ ಮುಹೂರ್ತ

ದಾವಣಗೆರೆಯಿಂದ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಹೊಸ ಮನೆಯ ಮುಂದೆ ಹತ್ತು ಅಡಿ ಅಗಲದ ಅಂಗಳವಿದೆಯಂತೆ. ಅದರಲ್ಲಿ ಒಂದು ಮಲ್ಲಿಗೆ, ಒಂದು ದಾಸವಾಳ, ಒಂದು ಪಾರಿಜಾತ, ಹೀಗೆ ಒಮ್ಮೆ ನೆಟ್ಟರೆ ವರ್ಷ ವರ್ಷವೂ ಬಾಳುವ ಹೂಗಿಡಗಳು ನಾಲ್ಕಾರು ಇರಬೇಕೆಂದು ಅವರ ಆಸೆ. “ಯುಗಾದಿಯ ದಿನ ನೆಟ್ಟರೆ ಶುಭವಲ್ಲವೆ?” ಎಂದು ಕೇಳಿದ್ದಾರೆ. ಶುಭಾಶುಭಗಳ ಮಾತು ಪುರೋಹಿತರಿಗೆ ಸೇರಿದ್ದು. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಅದರಲ್ಲಿ ಅಧಿಕಾರವಿಲ್ಲ. ಆದರೆ ಅವರ ಗಿಡಗಳ ಮೇಲಿನ ಕರುಣೆಯಿಂದ ಇಷ್ಟನ್ನು ಹೇಳಬಲ್ಲೆ: ಯುಗಾದಿಯ ದಿನ ಬೇವುಬೆಲ್ಲ ತಿನ್ನಿ, ಹೊಸ ಸೀರೆ ಉಡಿ, ಬೇಕಾದರೆ ಗುಂಡಿಯನ್ನೂ ತೋಡಿಸಿ, ಗಿಡವನ್ನು ಮಾತ್ರ ನೆಡಬೇಡಿ. ಇದು ಪುಸ್ತಕದಲ್ಲಿ ಓದಿ ಹೇಳುವ ಮಾತಲ್ಲ. ಮೂರು ಮಲ್ಲಿಗೆ ಗಿಡಗಳನ್ನು ಕೊಂದು ಕಲಿತ ಪಾಠ.

ನನ್ನ ಊರು ಮೈಸೂರು, ಅನ್ನದ ಋಣ ಕಲಬುರಗಿಯಲ್ಲಿ. ಮೈಸೂರಿನ ನಮ್ಮ ಬಾಡಿಗೆ ಮನೆಯ ಹಿತ್ತಲಿನಲ್ಲಿ ಒಂದು ಮಲ್ಲಿಗೆಯ ಪೊದೆಯಿತ್ತು. ನಮ್ಮ ತಾಯಿಯವರು ಮದುವೆಯಾಗಿ ಬಂದ ಹೊಸತರಲ್ಲಿ ನೆಟ್ಟದ್ದು. ನನಗಿಂತ ಎರಡು ವರ್ಷಕ್ಕೆ ಹಿರಿಯದು. ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ಅಲ್ಲಿ ಒಬ್ಬರೇ ಇದ್ದರು. ಮೂರು ವರ್ಷದ ಹಿಂದೆ ಮನೆಯ ಒಡೆಯರು ಹಳೆಯ ಕಟ್ಟಡವನ್ನು ಕೆಡವಿ ಮಹಡಿಯ ಮನೆ ಕಟ್ಟಿಸುವುದೆಂದು ನಿಶ್ಚಯಿಸಿ, ಸೆಪ್ಟೆಂಬರ್ ಕೊನೆಯೊಳಗೆ ಖಾಲಿ ಮಾಡಿಕೊಡಬೇಕೆಂದು ತಿಳಿಸಿದರು. ತಾಯಿಯವರು ನಮ್ಮೊಡನೆ ಇರಲು ಒಪ್ಪಿದರು. ಯಾವ ಪಾತ್ರೆಯನ್ನು ತರಬೇಕು, ಯಾವುದನ್ನು ಯಾರಿಗೆ ಕೊಟ್ಟುಬಿಡಬೇಕು ಎಂದು ಪಟ್ಟಿ ಮಾಡುತ್ತ ಕುಳಿತಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ:

“ಮಲ್ಲಿಗೆಯ ಗತಿ ಏನಪ್ಪ?”

“ಅದಕ್ಕೇನಮ್ಮ, ತೆಗೆದುಕೊಂಡು ಹೋದರಾಯಿತು,” ಎಂದೆ.

ಅಷ್ಟು ಸುಲಭವಾಗಿ ಆಡಿದ ಮಾತಿಗೆ ಆಮೇಲೆ ಬಹಳ ದಿನ ನಾಚಿದ್ದೇನೆ. ಏಪ್ರಿಲ್ ತಿಂಗಳ ರಜೆಯಲ್ಲಿ, ಪೊದೆಯ ಬುಡದಲ್ಲಿ ತಾವಾಗಿಯೇ ಬೇರೂರಿದ್ದ ಮೂರು ಮರಿಗಳನ್ನು ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ ಕಲಬುರಗಿಗೆ ತಂದೆ. ನನ್ನ ಬಳಿ ಇಂಗ್ಲಿಷಿನ ತೋಟಗಾರಿಕೆಯ ಪುಸ್ತಕವೊಂದಿತ್ತು. ವಸಂತವೇ ನೆಡುವುದಕ್ಕೆ ಪ್ರಶಸ್ತವಾದ ಕಾಲವೆಂದು ಅದರಲ್ಲಿ ಬಣ್ಣದ ಚಿತ್ರಗಳ ಸಮೇತ ಬರೆದಿತ್ತು. ನಮ್ಮ ಪಂಚಾಂಗವೂ ಅಕ್ಷಯ ತದಿಗೆಯನ್ನು ಎದುರಿಗಿರಿಸಿತ್ತು. ಪೂರ್ವ ಪಶ್ಚಿಮಗಳೆರಡೂ ಒಪ್ಪಿದ ಮೇಲೆ ಇನ್ನೇನು? ತದಿಗೆಯ ಬೆಳಗ್ಗೆ ಮೂರನ್ನೂ ಸಾಲಾಗಿ ನೆಟ್ಟೆ. ಹೊತ್ತಿಗೆರಡು ಕೊಡ ನೀರು ಹೊಯ್ದೆ. ಐದನೆಯ ದಿನ ಎಲೆಯಂಚು ಕಂದಿತು. ಹತ್ತನೆಯ ದಿನ ಎಲೆಗಳು ಉದುರಿದವು. ಮೂರು ವಾರ ಕಳೆಯುವುದರೊಳಗೆ, ಉಗುರಿನಿಂದ ಗೀರಿದರೆ ಹಸಿರು ಕಾಣದ ಮೂರು ಕಡ್ಡಿಗಳು ಉಳಿದವು.

ಎದುರು ಮನೆಯ ಅಜ್ಜಿ ದಿನವೂ ಕಟ್ಟೆಯ ಮೇಲೆ ಕುಳಿತು ನನ್ನ ನೀರಾವರಿಯನ್ನು ನೋಡುತ್ತಿದ್ದರು. ಅಂದು ತಡೆಯಲಾರದೆ ಕೇಳಿದರು:

“ಯಾಕ್ರೀ ಮಾಸ್ತರ, ಬ್ಯಾಸಗ್ಯಾಗ ಯಾರರೆ ಗಿಡ ಹಚ್ತಾರೇನ್ರೀ? ನೆಲ ಕಾದ ಹಂಚ ಆಗ್ಯದ. ಮ್ಯಾಲ ಎರಡ ಕೊಡ ಸುರುವಿದ್ರ ಒಳಗಿನ ಬೆಂಕಿ ಆರತದೇನು? ಮಿರಗ ಬರಲಿ ತಡೀರಿ.”

ಮಿರಗವೆಂದರೆ ಮೃಗಶಿರಾ ನಕ್ಷತ್ರದ ಮಳೆ. ಜೂನ್ 7, 8ರ ಸುಮಾರಿಗೆ ಹುಟ್ಟುವುದು. ಅಜ್ಜಿಯ ಮಾತಿನಲ್ಲಿ ಸಸ್ಯಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆಯೆಂಬುದು ನನಗೆ ತಿಳಿದದ್ದು ಆಮೇಲೆ, ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮಿತ್ರರ ಮುಂದೆ ದುಃಖ ತೋಡಿಕೊಂಡಾಗ.

ಅವರು ವಿವರಿಸಿದ್ದು ಹೀಗೆ. ಗಿಡವನ್ನು ಎಷ್ಟೇ ಜೋಪಾನವಾಗಿ ಕೀಳಲಿ, ನೀರನ್ನು ಹೀರುವ ನವಿರಾದ ಬೇರುಗೂದಲುಗಳಲ್ಲಿ ಬಹುಭಾಗ ಹರಿದುಹೋಗುತ್ತವೆ. ಅವು ಮತ್ತೆ ಹುಟ್ಟುವವರೆಗೆ ಗಿಡಕ್ಕೆ ಬಾಯಿ ಕಟ್ಟಿದಂತೆ. ಎಲೆಗಳಾದರೋ ತಮ್ಮ ಕೆಲಸವನ್ನು ನಿಲ್ಲಿಸುವುದಿಲ್ಲ. ಬಿಸಿಲು ಹೆಚ್ಚಿದಷ್ಟೂ, ಗಾಳಿ ಒಣಗಿದಷ್ಟೂ ಅವು ನೀರನ್ನು ಹೊರಕ್ಕೆ ಬಿಡುತ್ತಲೇ ಇರುತ್ತವೆ. ಕಲಬುರಗಿಯ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ವಿಶೇಷವೇನಲ್ಲ. ಗಾಳಿಯಲ್ಲಿ ತೇವವೂ ಇರದು. ವರಮಾನ ನಿಂತಿದೆ, ಖರ್ಚು ಇಮ್ಮಡಿಸಿದೆ. ಅಂಥ ಸಂಸಾರ ಎಷ್ಟು ದಿನ ನಡೆದೀತು? ಬುಡಕ್ಕೆ ನೀರು ಹೊಯ್ದರೆ ಆ ನೀರನ್ನು ಕುಡಿಯುವ ಬಾಯಿಯೇ ಇಲ್ಲ. ಅದೇ ಗಿಡವನ್ನು ಮೋಡ ಮುಸುಕಿದ ಜೂನಿನಲ್ಲಿ ನೆಟ್ಟರೆ ಎಲೆಯ ಖರ್ಚು ತಗ್ಗುತ್ತದೆ. ನೆಲವಾದರೋ ಇನ್ನೂ ಬೆಚ್ಚಗಿದ್ದು, ಒಳಗೆಲ್ಲ ತೊಯ್ದಿರುತ್ತದೆ. ಹೊಸ ಬೇರು ಹುಟ್ಟುವುದಕ್ಕೆ ಬೆಚ್ಚನೆಯ ಒದ್ದೆ ಮಣ್ಣಿಗಿಂತ ಒಳ್ಳೆಯ ತೊಟ್ಟಿಲಿಲ್ಲ.

ಹಾಗಾದರೆ ಇಂಗ್ಲಿಷಿನ ಪುಸ್ತಕ ಸುಳ್ಳು ಹೇಳಿತೆ? ಇಲ್ಲ, ಅದು ತನ್ನ ಊರಿನ ಸತ್ಯವನ್ನು ಹೇಳಿತು. ಶೀತದೇಶಗಳಲ್ಲಿ ಗಿಡದ ಶತ್ರು ಚಳಿಗಾಲ. ನೆಲ ಹೆಪ್ಪುಗಟ್ಟುವುದಕ್ಕೆ ಮೊದಲು ಬೇರು ಇಳಿದಿರಬೇಕು. ಆದುದರಿಂದ ಅಲ್ಲಿಯವರು ವಸಂತದಲ್ಲಿ ನೆಟ್ಟು, ಹಿತವಾದ ಬೇಸಗೆಯನ್ನೆಲ್ಲ ಗಿಡಕ್ಕೆ ಬಿಟ್ಟುಕೊಡುತ್ತಾರೆ. ನಮ್ಮಲ್ಲಿ ಶತ್ರು ಯಾವುದು? ಬೇಸಗೆಯೇ. ಬಳ್ಳಾರಿ, ರಾಯಚೂರು, ಕಲಬುರಗಿಗಳ ಚಳಿ ಯಾವ ಮಲ್ಲಿಗೆಯನ್ನೂ ಕೊಂದದ್ದಿಲ್ಲ. ಲೆಕ್ಕವನ್ನು ಶತ್ರುವಿನಿಂದ ಹಿಂದಕ್ಕೆ ಹಾಕಬೇಕು. ಮುಂದಿನ ಮಾರ್ಚ್ ಬರುವುದರೊಳಗೆ ಗಿಡದ ಬೇರಿಗೆ ಎಷ್ಟು ತಿಂಗಳು ಸಿಕ್ಕುತ್ತವೆ? ಜೂನಿನಲ್ಲಿ ನೆಟ್ಟರೆ ಒಂಬತ್ತು. ಸೆಪ್ಟೆಂಬರಿನಲ್ಲಿ ನೆಟ್ಟರೆ ಆರು. ಜನವರಿಯಲ್ಲಿ ನೆಟ್ಟರೆ ಎರಡು. ಅಕ್ಷಯ ತದಿಗೆಯಲ್ಲಿ ನೆಟ್ಟರೆ ಸೊನ್ನೆ. ಉಷ್ಣಪ್ರದೇಶದಲ್ಲಿ ಬಹುವಾರ್ಷಿಕ ಹೂಗಿಡ ನೆಡುವವರು ಅರಿಯಬೇಕಾದ ಗಣಿತ ಇಷ್ಟೆ.

ಕಾಳಿದಾಸನ ಋತುಸಂಹಾರ ಆರಂಭವಾಗುವುದು ಗ್ರೀಷ್ಮದಿಂದ. ವಸಂತ ಅದರಲ್ಲಿ ಕೊನೆಗೆ ಬರುತ್ತದೆ. ಈ ಕ್ರಮವನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಆದರೆ ತೋಟಗಾರನ ಕಣ್ಣಿನಿಂದ ನೋಡಿರಲಿಲ್ಲ. ನಮ್ಮ ನಾಡಿನ ತೋಟಗಾರನ ವರ್ಷವೂ ಹಾಗೆಯೇ. ಗ್ರೀಷ್ಮದಲ್ಲಿ ಗುಂಡಿ, ವರ್ಷಾಕಾಲದಲ್ಲಿ ಗಿಡ, ವಸಂತದಲ್ಲಿ ಹೂವು. ವಸಂತ ಉಣ್ಣುವ ಕಾಲವೇ ಹೊರತು ಬಿತ್ತುವ ಕಾಲವಲ್ಲ. ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವುಂಟು. ಎಂ.ಎ. ಓದುತ್ತಿದ್ದಾಗ ಅದನ್ನು ನಾನು ಛಂದಸ್ಸನ್ನು ನೋಡುತ್ತ ಓದಿದೆನೇ ಹೊರತು ಗಿಡವನ್ನು ನೋಡುತ್ತ ಓದಲಿಲ್ಲ.

ಇನ್ನು ಮಳೆಯ ವಿಚಾರ. ಮೊದಲ ಮಳೆಯಾದೊಡನೆ ಸಸಿಗಳ ಅಂಗಡಿಗೆ ಓಡುವ ಅವಸರ ನಮ್ಮಲ್ಲಿ ಅನೇಕರಿಗೆ ಉಂಟು. ಏಪ್ರಿಲ್ ಕೊನೆಯಲ್ಲಿ ಅಶ್ವಿನಿ ಕಳೆದು ಭರಣಿ ಬರುತ್ತದೆ. ಒಂದು ಸಂಜೆ ಗುಡುಗಿ ಸಿಡಿಲಾಡಿ ಅರ್ಧ ಗಂಟೆ ಹೊಯ್ಯುತ್ತದೆ. ಮಣ್ಣಿನ ವಾಸನೆ ಮೂಗಿಗೆ ಹತ್ತಿ ಮನಸ್ಸು ಮರುಳಾಗುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯೂ ನೆನಪಾಗುತ್ತದೆ. ಆದರೆ ಆ ಗಾದೆ ಹೊಲದ ಉಳುಮೆಗೆ ಹುಟ್ಟಿದ್ದು, ಮನೆಯಂಗಳದ ಮಲ್ಲಿಗೆಗಲ್ಲ. ಭರಣಿಯ ಬೆನ್ನ ಹಿಂದೆ ಕೃತ್ತಿಕೆಯ ಬಿಸಿಲು ಕಾದಿರುತ್ತದೆ. ಆ ಒಂದು ಮಳೆಯನ್ನು ನಂಬಿದ ಗಿಡ ಮೂರು ವಾರ ಬೇಯುತ್ತದೆ. ಮೇ 25ರ ಸುಮಾರಿಗೆ ರೋಹಿಣಿ, ಅನಂತರ ಮೃಗಶಿರೆ, ಜೂನ್ 22ರ ಹೊತ್ತಿಗೆ ಆರಿದ್ರೆ; ಬಯಲುಸೀಮೆಯಲ್ಲಿ ಕೈ ಹಾಕಬೇಕಾದದ್ದು ಇವುಗಳ ನಡುವೆ, ಅದೂ ನೆಲವನ್ನು ಪರೀಕ್ಷೆ ಮಾಡಿದ ಮೇಲೆ. ಪರೀಕ್ಷೆ ಕಷ್ಟವೇನಲ್ಲ. ಗಿಡ ನೆಡುವ ಕಡೆ ಒಂದು ಗೇಣು ಆಳ ಅಗೆದು, ತಳದ ಮಣ್ಣನ್ನು ಹಿಡಿಯಲ್ಲಿ ಒತ್ತಿ ನೋಡಿ. ಉಂಡೆಯಾಗಿ ನಿಂತರೆ ನೆಲ ಹದಕ್ಕೆ ಬಂದಿದೆ. ಪುಡಿಯಾಗಿ ಉದುರಿದರೆ ಇನ್ನೊಂದು ಮಳೆಗೆ ಕಾಯಿರಿ. ಕೈಗೆ ಅಂಟಿ ಕೆಸರಾಗಿ ಜಿನುಗಿದರೆ ಎರಡು ದಿನ ಬಿಡಿ. ನಕ್ಷತ್ರ ಪಂಚಾಂಗದಲ್ಲಿ ತಪ್ಪದೆ ಹುಟ್ಟುತ್ತದೆ. ಮಳೆಗೆ ಆ ನಿಯಮವಿಲ್ಲ.

ಎಲ್ಲ ಊರಿಗೂ ಒಂದೇ ತಿಂಗಳನ್ನು ಹೇಳುವವರ ಮಾತನ್ನೂ ಪೂರ್ತಿಯಾಗಿ ನಂಬಬೇಡಿ. ಆಗ ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದಾಗ ಜುಲೈ ಮೊದಲ ವಾರವನ್ನು ಗೊತ್ತುಮಾಡಿದರು. ದೇಶಕ್ಕೆಲ್ಲ ಒಂದು ವಾರವನ್ನು ಆರಿಸಬೇಕಾದರೆ ಅದಕ್ಕಿಂತ ಉತ್ತಮವಾದದ್ದು ಸಿಕ್ಕುವುದು ಕಷ್ಟ. ಆದರೆ ನಮ್ಮ ರಾಜ್ಯದೊಳಗೇ ಮೂರು ಬಗೆಯ ಜುಲೈ ಉಂಟು. ಮಂಗಳೂರು ಉಡುಪಿಗಳಲ್ಲಿ ಆಟಿಯ ಮಳೆ ಎಳೆಯ ಬೇರನ್ನು ಕೊಳೆಸಿಬಿಡುತ್ತದೆ; ಅಲ್ಲಿಯವರು ಮಳೆಯ ರಭಸಕ್ಕೆ ಮೊದಲೇ ನೆಡಬೇಕು, ಇಲ್ಲವೆ ಸೋಣ ತಿಂಗಳು ಬಂದು ಬಿಸಿಲು ಇಣುಕುವವರೆಗೆ ಕಾಯಬೇಕು. ಕೋಲಾರ, ತುಮಕೂರು, ಬೆಂಗಳೂರುಗಳ ಕಡೆ ಜುಲೈಯೆಂದರೆ ಗಾಳಿಯೇ ಹೆಚ್ಚು, ಹನಿ ಕಡಿಮೆ; ಬೆಂಗಳೂರಿಗೆ ಬಹಳ ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಆ ಕಡೆಯವರಿಗೆ ಹುಬ್ಬ, ಉತ್ತರೆಗಳ ಮಳೆಯೂ ಒಳ್ಳೆಯ ಮುಹೂರ್ತವೇ. ಬೇಸಗೆ ಅಷ್ಟು ಕ್ರೂರವಲ್ಲವಾದ್ದರಿಂದ ಆರು ತಿಂಗಳ ಬೇರು ಅಲ್ಲಿ ಸಾಕಾಗುತ್ತದೆ. ಕಲಬುರಗಿಯಲ್ಲಿಯೂ ಸೆಪ್ಟೆಂಬರಿನಲ್ಲಿ ಮಳೆ ಚೆನ್ನಾಗಿಯೇ ಆಗುತ್ತದೆ, ಆದರೆ ಅದರಾಚೆಯ ಬೇಸಗೆಯನ್ನು ನೆನೆದು ಮನಸ್ಸು ಅಳುಕುತ್ತದೆ. ದಾವಣಗೆರೆಯ ಸೋದರಿಯವರಿಗೆ ನನ್ನ ಸಲಹೆ ಮೃಗಶಿರೆ ಆರಿದ್ರೆಗಳೇ, ತಪ್ಪಿದರೆ ಉತ್ತರೆ.

ಗಿಡಗಳಲ್ಲಿಯೂ ಜಾತಿಭೇದವುಂಟು. ಮಲ್ಲಿಗೆ, ದಾಸವಾಳ, ನಂದಿಬಟ್ಟಲು, ಪಾರಿಜಾತ, ಸಂಪಿಗೆ, ಇವೆಲ್ಲ ಮುಂಗಾರಿನ ಮಕ್ಕಳು. ಸುಗಂಧರಾಜದ ಗಡ್ಡೆಗಳನ್ನೂ ಮುಂಗಾರಿನ ಮೊದಲಲ್ಲಿಯೇ ಹೂಳುವುದು ಲೇಸು. ಗುಲಾಬಿಗೆ ಮಾತ್ರ ಸುರಿಯುವ ಮಳೆ ಹಿಡಿಸದು. ಮಳೆ ಹಿಂದಾಗಿ ಚಳಿ ಕಾಲಿಡುವ ಆಶ್ವಯುಜ ಕಾರ್ತಿಕಗಳು ಅದಕ್ಕೆ ಪ್ರಿಯ. ಇನ್ನು ದೇವಕಣಗಿಲೆಯದು ಎಲ್ಲರಿಗಿಂತ ಬೇರೆ ದಾರಿ. ಅದು ಬೇಸಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತಾಗಲೇ ಕೊಂಬೆ ಕಡಿದು, ಹಾಲು ಒಣಗುವಂತೆ ಒಂದೆರಡು ವಾರ ನೆರಳಿನಲ್ಲಿ ಮಲಗಿಸಿ, ಬಳಿಕ ನೆಡಬೇಕು. ಹಸಿಗಾಯದೊಡನೆ ಮಳೆಗಾಲದಲ್ಲಿ ನೆಟ್ಟರೆ ಕೊಳೆಯುತ್ತದೆ. ಯುಗಾದಿಗೆ ಏನನ್ನಾದರೂ ನೆಟ್ಟೇ ತೀರಬೇಕೆಂಬ ಹಟವಿದ್ದರೆ ಸೋದರಿಯವರು ಇದನ್ನು ಆರಿಸಿಕೊಳ್ಳಬಹುದು.

ಮತ್ತೊಂದು ಮಾತು. ಅಂಗಡಿಯವರು ಮಾರ್ಚ್ ಏಪ್ರಿಲ್‌ಗಳಲ್ಲಿ ಮೈತುಂಬ ಹೂ ಬಿಟ್ಟ ಮಲ್ಲಿಗೆಯ ಕುಂಡಗಳನ್ನು ಮುಂದೆ ಜೋಡಿಸಿರುತ್ತಾರೆ. ಅದು ಅವರ ವ್ಯಾಪಾರ, ತಪ್ಪೆನ್ನಲಾರೆ. ಹೂ ನೋಡಿ ಮನಸ್ಸಾದರೆ ಕೊಳ್ಳಿ, ಆದರೆ ಕುಂಡದಿಂದ ಬಿಡಿಸದೆ ಮಧ್ಯಾಹ್ನದ ಬಿಸಿಲು ತಾಕದ ಕಡೆ ಇರಿಸಿಕೊಂಡು ಜೂನಿನವರೆಗೆ ಸಾಕಿರಿ.

ನನ್ನ ಕಥೆಗೆ ಹಿಂದಿರುಗುತ್ತೇನೆ. ಮೂರು ಮರಿಗಳು ಸತ್ತ ಸುದ್ದಿಯನ್ನು ತಾಯಿಯವರಿಗೆ ಬಹು ದಿನ ತಿಳಿಸಲಿಲ್ಲ. ದೂರವಾಣಿಯಲ್ಲಿ ಮಾತನಾಡುವಾಗಲೆಲ್ಲ “ಚಿಗುರಿತೆ?” ಎಂದು ಕೇಳುತ್ತಿದ್ದರು. “ನೋಡಬೇಕಮ್ಮ” ಎನ್ನುತ್ತಿದ್ದೆ. ನನ್ನ ಹೆಂಡತಿ ಇದನ್ನು ಕೇಳಿಸಿಕೊಂಡು, “ಹೀಗೆ ಎಷ್ಟು ದಿನ ನೋಡುತ್ತೀರಿ?” ಎಂದಳು. ಪೊದೆಗೆ ಇದ್ದ ಆಯುಸ್ಸು ಸೆಪ್ಟೆಂಬರಿನವರೆಗೆ. ಬೇರುಬಿಟ್ಟ ಮರಿಗಳು ಅದರ ಬುಡದಲ್ಲಿ ಮತ್ತೆ ಇರಲಿಲ್ಲ. ಇದ್ದ ಮೂರನ್ನೂ ನಾನೇ ಕಿತ್ತು ತಂದಿದ್ದೆ.

ಜೂನ್ ಮೊದಲ ವಾರ ತಂದೆಯವರ ಶ್ರಾದ್ಧಕ್ಕೆ ಮೈಸೂರಿಗೆ ಹೋದಾಗ ತಾಯಿಯವರಿಗೆ ನಿಜವನ್ನು ಹೇಳಿದೆ. ಅವರು ಬೈಯಲಿಲ್ಲ. ಹಿತ್ತಲಿಗೆ ಹೋಗಿ ಪೊದೆಯ ಮುಂದೆ ಸ್ವಲ್ಪ ಹೊತ್ತು ನಿಂತು ಬಂದರು, ಬೈದಿದ್ದರೆ ಒಳ್ಳೆಯದಿತ್ತು. ಮಾರನೆಯ ದಿನ ಸಸ್ಯಶಾಸ್ತ್ರದ ಮಿತ್ರರು ಹೇಳಿಕೊಟ್ಟಂತೆ, ನೆಲಕ್ಕೆ ಬಾಗಿದ್ದ ಎರಡು ಹದವಾದ ಕೊಂಬೆಗಳನ್ನು ಆರಿಸಿದೆ. ಒಂದೊಂದರಲ್ಲಿಯೂ ಗೆಣ್ಣಿನ ಕೆಳಗೆ ಒಂದಂಗುಲ ತೊಗಟೆಯನ್ನು ಓರೆಯಾಗಿ ಸೀಳಿ, ಆ ಭಾಗವನ್ನು ಮಣ್ಣು ಮರಳು ಗೊಬ್ಬರ ತುಂಬಿದ ಕುಂಡದೊಳಕ್ಕೆ ಬಗ್ಗಿಸಿ ಹೂತು, ಎದ್ದು ಬಾರದಂತೆ ಮೇಲೊಂದು ಕಲ್ಲು ಹೇರಿದೆ. ಕೊಂಬೆ ತಾಯಿಗಿಡದ ಹಾಲನ್ನು ಕುಡಿಯುತ್ತಲೇ ಕುಂಡದಲ್ಲಿ ಸ್ವಂತ ಬೇರು ಬಿಡುತ್ತದೆ. ಮಳೆಗಾಲದಲ್ಲಿ ಇದಕ್ಕೆ ಮೂರು ತಿಂಗಳು ಸಾಕು. ತಾಯಿಯವರು ದಿನವೂ ನೀರು ನೋಡಿಕೊಂಡರು. ಸೆಪ್ಟೆಂಬರಿನಲ್ಲಿ ಕೊಂಬೆಗಳನ್ನು ತಾಯಿಗಿಡದಿಂದ ಕತ್ತರಿಸಿ, ಎರಡು ಕುಂಡಗಳನ್ನೂ ರೈಲಿನಲ್ಲಿ ಕಾಲ ಬಳಿ ಇರಿಸಿಕೊಂಡು ಕಲಬುರಗಿಗೆ ಬಂದೆವು. ತಾಯಿಯವರು ರಾತ್ರಿಯೆಲ್ಲ ಕಾಲು ಚಾಚಲಿಲ್ಲ.

ಆಗ ಉತ್ತರೆ ಹುಟ್ಟಿತ್ತು. ಎರಡನ್ನೂ ನೆಡುವುದೆ, ಎರಡನ್ನೂ ಕುಂಡದಲ್ಲಿಯೇ ಉಳಿಸಿ ಮಿರಗಕ್ಕೆ ಕಾಯುವುದೆ? ಮನೆಯಲ್ಲಿ ಎರಡು ಪಕ್ಷಗಳಾದವು. ಕೊನೆಗೆ ಒಂದನ್ನು ನೆಟ್ಟೆವು, ಒಂದನ್ನು ಕುಂಡದಲ್ಲಿ ಉಳಿಸಿದೆವು. ನಮ್ಮದು ಎರೆಮಣ್ಣು; ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ನೀರು ಹಿಡಿದು ನಿಲ್ಲುತ್ತದೆ. ಮಲ್ಲಿಗೆಗೆ ನಿಂತ ನೀರು ಆಗದು. ಆದುದರಿಂದ ಒಂದೂವರೆ ಅಡಿ ಉದ್ದಗಲ ಆಳದ ಗುಂಡಿ ತೋಡಿಸಿ, ಕೆಂಪು ಮಣ್ಣು, ಮರಳು, ಕಳಿತ ಸಗಣಿ ಗೊಬ್ಬರ ಬೆರೆಸಿ ತುಂಬಿ, ನೆಲಮಟ್ಟದಿಂದ ಒಂದು ಗೇಣು ಎತ್ತರಕ್ಕೆ ದಿಬ್ಬ ಮಾಡಿದೆವು. ಮೋಡ ಕವಿದ ಸಂಜೆಯನ್ನು ಕಾದು ನೆಟ್ಟೆವು. ಪಡುವಣ ಬಿಸಿಲಿಗೆ ಹದಿನೈದು ದಿನ ತೆಂಗಿನ ಗರಿಯ ಮರೆ. ಫೆಬ್ರುವರಿಯಲ್ಲಿ ಎದುರು ಮನೆಯ ಅಜ್ಜಿ ಒಂದು ಗೋಣಿ ತೊಗರಿಯ ಹೊಟ್ಟನ್ನು ಕಳುಹಿಸಿ, ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹರಡಬೇಕೆಂದೂ, ಕಾಂಡಕ್ಕೆ ಮಾತ್ರ ತಾಕಿಸಬಾರದೆಂದೂ ಹೇಳಿದರು.

ಆ ಬೇಸಗೆ ನನಗೆ ಪರೀಕ್ಷೆಯ ಕಾಲ. ಮೇ ತಿಂಗಳಲ್ಲಿ ನೆಟ್ಟ ಗಿಡ ಅರ್ಧ ಎಲೆ ಉದುರಿಸಿತು. ನಾನು ದಿನವೂ ಉಗುರಿನಿಂದ ಕೊಂಬೆಯನ್ನು ಗೀರಿ ಹಸಿರಿದೆಯೇ ಎಂದು ನೋಡುತ್ತಿದ್ದೆ. “ಅದನ್ನು ಹಾಗೆ ಪರಚಿ ಸಾಯಿಸಬೇಡ,” ಎಂದು ತಾಯಿಯವರು ಗದರಿಸಿದರು. ಕುಂಡದ ಗಿಡದ್ದು ಇನ್ನೊಂದು ಪಾಡು. ಬೆಳಗ್ಗೆ ಒಂದು ಕಡೆ, ಮಧ್ಯಾಹ್ನ ಬೇವಿನ ಮರದ ನೆರಳಿಗೆ, ಮಗುವನ್ನು ಎತ್ತಿಕೊಂಡು ತಿರುಗಿದಂತೆ ತಿರುಗಬೇಕಾಯಿತು. ಮದುವೆಯೊಂದಕ್ಕೆ ಮೂರು ದಿನ ಊರು ಬಿಟ್ಟಾಗ ಅಜ್ಜಿ ನೀರು ಹಾಕದಿದ್ದರೆ ಅದು ಉಳಿಯುತ್ತಿರಲಿಲ್ಲ. ಮಿರಗದಲ್ಲಿ ನೆಡುವಾಗ ನೋಡಿದರೆ ಬೇರು ಕುಂಡದೊಳಗೆ ಸಿಂಬಿಯಂತೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿ, ಬಿಡದ್ದನ್ನು ಕತ್ತರಿಸಿ ನೆಟ್ಟೆವು. ಅಷ್ಟರಲ್ಲಿ ನೆಲದ ಗಿಡ ಮೊದಲ ಎರಡು ಮಳೆಗೆ ಬುಡದಿಂದ ಮೊಳದುದ್ದ ಚಿಗುರೆಬ್ಬಿಸಿತ್ತು. ಈಗ ಯಾರಾದರೂ ಕೇಳಿದರೆ, ಮೊದಲ ಬೇಸಗೆಯಲ್ಲಿ ನೀರೂ ನೆರಳೂ ಕೊಡುವ ಶಕ್ತಿಯಿದ್ದರೆ ಕಲಬುರಗಿಯಲ್ಲಿಯೂ ಉತ್ತರೆಯಲ್ಲಿ ನೆಡಬಹುದು ಎನ್ನುತ್ತೇನೆ. ಆ ಶಕ್ತಿಯಿಲ್ಲದವರಿಗೆ ಮಿರಗವೊಂದೇ.

ಆ ನವೆಂಬರ್ ಕೊನೆಯಲ್ಲಿ ನೆಲದ ಗಿಡದ ತುದಿಗಳನ್ನು ಹಗುರವಾಗಿ ಸವರಿದೆವು. ಈ ವರ್ಷದ ಮಾರ್ಚಿನಲ್ಲಿ ಮೊದಲ ಮೊಗ್ಗು ಕಂಡಿತು. ಮೊದಲ ದಿನ ಏಳು, ಒಂದು ವಾರದೊಳಗೆ ಬೊಗಸೆ ತುಂಬ. ತಾಯಿಯವರು ದೇವರಿಗೆ ಅಷ್ಟನ್ನಿರಿಸಿ, ಉಳಿದದ್ದನ್ನು ಬಾಳೆಯ ನಾರಿನಲ್ಲಿ ಕಟ್ಟಿ ಎದುರು ಮನೆಗೆ ತಾವೇ ಕೊಂಡೊಯ್ದರು. ಅಜ್ಜಿ ಮೂಸಿ ನೋಡಿ, “ಮೈಸೂರ ವಾಸನಿ ನಮ್ಮ ಮಣ್ಣಾಗೂ ಬಂತಲ್ರೀ,” ಎಂದು ನಕ್ಕರಂತೆ. ಆಮೇಲೆ ಸಂಕೋಚದಿಂದಲೇ ಕೇಳಿದರಂತೆ, “ನಮಗೂ ಒಂದ ಟೊಂಗಿ ಕೊಡ್ತೀರೇನ್ರೀ ಅಕ್ಕಾರ?”

ಕೊಡದೆ ಉಂಟೆ? ಆದರೆ ತಾಯಿಯವರು ಆ ಹೊತ್ತಿಗೆ ಕತ್ತರಿಯನ್ನು ಮುಟ್ಟಲಿಲ್ಲ. ಮೂವತ್ತೇಳು ವರ್ಷ ಮೈಸೂರಿನಲ್ಲಿ ಸಂಸಾರ ಮಾಡಿದವರು ಹೇಳಿದರು:

“ಮಿರಗ ಬರಲಿ, ಕೊಡುತ್ತೇನೆ.”